ಹರಳುಗಲ್ಲಿನ ಏರಿ

ಚಾಪೆ ಹಾಸಿದ್ದೇನೆ, ಬನ್ನಿ. ಚಪ್ಪಲಿ ಆಚೆ ಇರಲಿ. ಕಾಲು ಮಡಚಿ ಕೂತುಕೊಳ್ಳಿ. ಪಕ್ಕದವರ ಮೊಣಕಾಲು ನಿಮ್ಮ ಮೊಣಕಾಲಿಗೆ ತಾಗಿದರೆ ತಾಗಲಿ, ಸರಿದು ಕೂರಬೇಡಿ. ಈ ಕಥೆಯನ್ನು ದೂರ ದೂರ ಕೂತು ಕೇಳುವಂತಿಲ್ಲ ಅಂತ ನನಗೆ ಹೇಳಿದವಳು ಹೇಳಿದ್ದಳು. ಯಾಕೆ ಅಂತ ಆಗ ನಾನೂ ಕೇಳಲಿಲ್ಲ.

ಒಂದು ಊರು. ಊರಿನ ನೆತ್ತಿಯ ಮೇಲೆ ಒಂದು ಕೆರೆ, ಕೆರೆಯನ್ನು ಹಿಡಿದು ನಿಲ್ಲಿಸಿದ್ದ ಮಣ್ಣಿನ ಏರಿ. ಏರಿಯ ಬುಡದಲ್ಲಿ ತೂಬು, ತೂಬಿನ ಪಕ್ಕಕ್ಕೇ ನೀರುಗಂಟಿಯ ಮನೆ. ನೀರುಗಂಟಿ ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು, ಸಾಕು ಅಂದಾಗ ಕಟ್ಟುವವರು. ಆ ಊರಲ್ಲಿ ಅದು ಹೆಂಗಸರ ಕೆಲಸ. ತಾಯಿ ಮಾಡಿದ್ದನ್ನು ಮಗಳು ಮಾಡಬೇಕು, ಮಗಳು ಮಾಡಿದ್ದನ್ನು ಅವಳ ಮಗಳು ಮಾಡಬೇಕು.

ಊರಿನ ನಡುವೆ ಬಯಲು. ಬಯಲಿಗೊಂದು ಜಮಖಾನ. ಆ ಜಮಖಾನ ಒಬ್ಬರು ನೇಯ್ದದ್ದಲ್ಲ. ಮನೆಗೊಂದು ಪಟ್ಟೆಯಂತೆ ಊರೆಲ್ಲ ನೇಯ್ದು, ಪಟ್ಟೆಗೆ ಪಟ್ಟೆ ಸೇರಿಸಿ ಹೊಲಿದದ್ದು. ಗಾಣದ ಮನೆಯದು ಹಳದಿ, ಕುಲುಮೆಯ ಮನೆಯದು ಕಪ್ಪು, ನೀರುಗಂಟಿಯ ಮನೆಯದು ಕೆಸರಿನ ಬಣ್ಣ. ಹಾಸುವುದಕ್ಕೂ ಊರೆಲ್ಲ ಕೈ ಹಾಕಬೇಕು, ಸುತ್ತುವುದಕ್ಕೂ ಊರೆಲ್ಲ ಕೈ ಹಾಕಬೇಕು, ಅಷ್ಟು ದೊಡ್ಡದು. ಯಾವುದಾದರೂ ಮಾತು ಇತ್ಯರ್ಥ ಆಗಬೇಕಾದರೆ ಜಮಖಾನ ಹಾಸುತ್ತಿದ್ದರು. ಇತ್ಯರ್ಥ ಆದಮೇಲೆ ಸುತ್ತುತ್ತಿದ್ದರು. ಅಷ್ಟರ ನಡುವೆ ಯಾರೂ ಏಳುತ್ತಿರಲಿಲ್ಲ.

ಇನ್ನು ಆ ಊರಿನ ಕಟ್ಟುಪಾಡು. ಅದನ್ನು ಯಾರು ಹಾಕಿದರು ಅಂತ ಕೇಳಬೇಡಿ, ನೀರು ಇಳಿಜಾರಿಗೇ ಹರಿಯಬೇಕು ಅಂತ ಯಾರು ಹಾಕಿದರು? ಹಾಗೇ ಇದೂ. ಆ ಊರಿನಲ್ಲಿ ಯಾರಾದರೂ ಆಡಿದ ಮಾತನ್ನು ಒಬ್ಬರೂ ಕೇಳಿಸಿಕೊಳ್ಳದೆ ಹೋದರೆ, ಆ ಮಾತು ಹರಳಾಗಿ ನೆಲಕ್ಕೆ ಬೀಳುತ್ತಿತ್ತು. ಹುಣಸೆಬೀಜದಷ್ಟು ಹರಳು, ಹುಣಸೆಬೀಜದ್ದೇ ಬಣ್ಣ. ನುಣ್ಣಗೆ, ತಣ್ಣಗೆ. ಅದನ್ನು ಊರಾಚೆ ಎಸೆದು ಬಂದರೆ ಮರುದಿನ ಊರೊಳಗೇ ಇರುತ್ತಿತ್ತು. ಅದು ಹೋಗುವುದಕ್ಕೆ ಒಂದೇ ದಾರಿ. ಯಾರಾದರೂ ಅದನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ಮುಚ್ಚಿ, ಕೈ ಬೆಚ್ಚಗಾಗುವವರೆಗೆ ಕೂರಬೇಕು. ಆಗ ಆಡಿದವರ ದನಿಯಲ್ಲೇ ಆ ಮಾತು ಕೇಳಿಸುತ್ತಿತ್ತು. ಕೇಳಿಸಿದ ಮೇಲೆ ಹರಳು ಕರಗಿ ನೀರಾಗಿ ಬೆರಳ ಸಂದಿನಲ್ಲಿ ಇಳಿದು ಹೋಗುತ್ತಿತ್ತು.

ಜಮಖಾನ ಸುತ್ತುವಾಗ ಎಲ್ಲರಿಗಿಂತ ಮುಂದೆ ನೀರುಗಂಟಿ ಬರಿಗಾಲಲ್ಲಿ ನಡೆಯುತ್ತಿದ್ದಳು. ಏರಿಯಲ್ಲಿ ತೇವ ಎಲ್ಲಿದೆ ಅಂತ ಕಾಲಲ್ಲೇ ತಿಳಿಯುವವಳಿಗೆ ಜಮಖಾನದ ಕೆಳಗಿನ ಹರಳು ತಿಳಿಯುವುದು ಯಾವ ಮಹಾ. ಅವಳು ಒಂದು ಕಡೆ ನಿಂತು, "ಇಲ್ಲಿದೆ," ಅಂದರೆ ಸಾಕು, ಸುತ್ತುತ್ತಿದ್ದವರೆಲ್ಲ ಬಿಟ್ಟು ಮತ್ತೆ ಕೂತುಬಿಡುತ್ತಿದ್ದರು.

ಒಂದು ಸಲ ಹೀಗಾಯಿತು. ಮಡಕೆಯವಳಿಗೂ ಮೇಕೆಯವನಿಗೂ ಜಗಳ.

"ನಿನ್ನ ಮೇಕೆ ನನ್ನ ಹಸಿ ಮಡಕೆ ಮೇಲೆ ಹತ್ತಿ ಕುಣೀತಲ್ಲೋ," ಅಂದಳು ಮಡಕೆಯವಳು.

"ಕುಣಿದದ್ದು ಮೇಕೆಯಲ್ಲ ಕಣಕ್ಕ, ಅದರ ಮರಿ."

"ಮರಿಗೆ ಕುಣಿಯೋದು ಕಲಿಸಿದ್ದು ಯಾರು, ನಮ್ಮಪ್ಪನಾ?"

"ನಿಮ್ಮಪ್ಪ ಕುಣಿಯೋದು ನೋಡಿದ್ದೀನಿ. ಮರಿ ವಾಸಿ."

ಊರೆಲ್ಲ ನಕ್ಕಿತು. ಬೆಳಿಗ್ಗೆ ಕೂತವರು ಸಂಜೆ ಹೊತ್ತಿಗೆ ಅಷ್ಟು ಮಡಕೆಗೆ ಇಷ್ಟು ಹಾಲು ಅಂತ ಒಪ್ಪಿಕೊಂಡು ಎದ್ದರು. ಸುತ್ತತೊಡಗಿದರು. ನೀರುಗಂಟಿ ನಿಂತಳು.

"ಇಲ್ಲಿದೆ."

ಮೇಕೆಯವನೇ ಹರಳು ಎತ್ತಿಕೊಂಡ, ಮುಷ್ಟಿ ಕಟ್ಟಿದ, ಬಾಯಿ ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಸಣ್ಣಗಾಯಿತು. ಅದು ಹತ್ತಿ ಬಿಡಿಸುವ ಮುದುಕಿಯ ದನಿ. ಅವಳು ಬೆಳಿಗ್ಗೆಯೇ ಮೆಲ್ಲಗೆ ಹೇಳಿದ್ದಳು, ನಗುವಿನ ಗಲಾಟೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. "ಮೇಕೆ ಬಂದದ್ದು ನನ್ನ ಬೇಲಿ ಬಿದ್ದದ್ದಕ್ಕೆ ಕಣಪ್ಪ. ಕಟ್ಟೋಕೆ ನನಗೆ ಕೈಲಾಗಲ್ಲ."

ಮರುದಿನ ಮಡಕೆಯವಳೂ ಮೇಕೆಯವನೂ ಸೇರಿ ಮುದುಕಿಯ ಬೇಲಿ ಕಟ್ಟಿದರು. ಕಟ್ಟುವಾಗಲೂ ಜಗಳ ಆಡಿದರಂತೆ, ಅದು ಬೇರೆ.

ಹೀಗೆ ಎಷ್ಟು ತಲೆಮಾರು ನಡೆಯಿತೋ. ಆಮೇಲೆ ಆ ನೀರುಗಂಟಿ ತೀರಿಕೊಂಡು ಅವಳ ಮಗಳು ನೀರುಗಂಟಿಯಾದಳು. ಅದೇ ಕಾಲಕ್ಕೆ ಊರಿಗೆ ಹೊಸ ಯಜಮಾನ ಬಂದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವನ ಮೇಲೆ ಹಲ್ಲು ಕಡಿಯುತ್ತೀರಿ. ಊರು ಚೆನ್ನಾಗಿರಬೇಕು ಅಂತಲೇ ಅವನಿಗೂ ಆಸೆ. ಕೂತಲ್ಲಿ ಕೂರುವುದು ಮಾತ್ರ ಆಗುತ್ತಿರಲಿಲ್ಲ.

"ಒಂದು ಬೇಲಿಗೆ ಇಡೀ ಊರು ಒಂದು ದಿನ ಕೂತರೆ ಊರು ಮೇಲೆ ಬರೋದು ಯಾವಾಗ?" ಅಂದ. "ಧೂಳಲ್ಲಿ ಕೂತು ಆಡೋ ಮಾತಿಗೆ ಬೆಲೆಯೂ ಇಲ್ಲ."

ಬಯಲಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿದ. ಒಳ್ಳೆ ಕಟ್ಟೆ, ಎದೆಯೆತ್ತರ. ಜಮಖಾನವನ್ನು ಅದರ ಮೇಲೆ ಹಾಸಿದರು, ಹಿಡಿಸಲಿಲ್ಲ. ಸುತ್ತ ಅಂಚನ್ನು ಒಳಕ್ಕೆ ಮಡಚಿದರು. ಯಾರ ಪಟ್ಟೆ ಮಡಿಕೆಯೊಳಗೆ ಹೋಯಿತೋ ಅವರು ಕೆಳಗೆ ನಿಂತರು. ಮೇಲೆ ಕೂತವರ ಮಾತು ಕೆಳಗಿನವರಿಗೆ ಕೇಳಿಸುತ್ತಿತ್ತು. ಕೆಳಗಿನವರ ಮಾತು ಎದೆಯೆತ್ತರದ ಕಲ್ಲಿಗೆ ಬಡಿದು ಅಲ್ಲೇ ಬೀಳುತ್ತಿತ್ತು. ಜಮಖಾನದ ಕೆಳಗೆ ಈಗ ಹರಳೇ ಸಿಗುತ್ತಿರಲಿಲ್ಲ. ನೋಡಿ, ಎಲ್ಲರ ಮಾತೂ ಕೇಳಿದಂತಾಯಿತು ಅಂತ ಯಜಮಾನ ಸಮಾಧಾನಪಟ್ಟ. ಕಟ್ಟೆಯ ಬುಡದಲ್ಲಿ ಬಿದ್ದದ್ದನ್ನು ಗುಡಿಸುವವಳು ಗುಡಿಸಿ ಮೂಲೆಗೆ ತಳ್ಳಿದಳು.

ಆಮೇಲೆ ಬಿಸಿಲು ಅಂದರು, ಕಟ್ಟೆಯ ಮೇಲೆ ಮಾಡು ಬಂತು. ಗಾಳಿ ಅಂದರು, ಗೋಡೆ ಬಂತು. ಗೋಡೆ ಬಂದಮೇಲೆ ಬಾಗಿಲು ಬಂತು, ಬಾಗಿಲು ಬಂದಮೇಲೆ ಬಾಗಿಲು ಕಾಯುವವನು ಬಂದ. ಅದಕ್ಕೆ ಚಾವಡಿ ಅಂತ ಹೆಸರಾಯಿತು. ಒಳಗೆ ಬೆಂಚು ಹಾಕಿದರು. ಬೆಂಚಿಗೆ ಜಮಖಾನ ಯಾಕೆ ಬೇಕು? ಸುತ್ತಿ ಅಟ್ಟಕ್ಕೆ ಹಾಕಿದರು. ಸುತ್ತಲು ಊರೆಲ್ಲ ಬರಲಿಲ್ಲ. ನೀರುಗಂಟಿಯನ್ನು ಕರೆಯಲಿಲ್ಲ. ನಾಲ್ಕು ಆಳು ಹಗ್ಗ ಹಾಕಿ ಎಳೆದರು.

ಚಾವಡಿಗೆ ಬಾಗಿಲು ಇಟ್ಟ ವರ್ಷವೇ ಯಜಮಾನನ ಹೆಂಡತಿ ಹಿತ್ತಲ ಬಾವಿಯ ಮೆಟ್ಟಿಲಿಂದ ಬಿದ್ದು ತೀರಿಕೊಂಡಳು. ಹಣೆಬರಹ ಅಂದರು ಜನ. ಯಜಮಾನ ಮೂರು ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ಮನೆಯಲ್ಲಿರುವುದನ್ನೇ ಕಡಿಮೆ ಮಾಡಿದ, ಬೆಳಿಗ್ಗೆಯಿಂದ ಸಂಜೆಯವರೆಗೆ ಚಾವಡಿಯಲ್ಲೇ ಮಾತಾಡುತ್ತಾ ಕೂತ.

ಒಳಗಿದ್ದವರಿಗೆ ಮಾತು, ಹೊರಗಿದ್ದವರಿಗೆ ಕಿಟಕಿ. ಹೊರಗಿದ್ದವರು ಎಷ್ಟು ದಿನ ಕಿಟಕಿಯಲ್ಲಿ ಇಣುಕುತ್ತಾರೆ? ಗೊಣಗಿದರು, ಆಮೇಲೆ ಕೂಗಿದರು. ಯಜಮಾನನಿಗೂ ಪಾಪ ಅನ್ನಿಸಿತು. ಒಂದು ದಿನ ಹೊರಗೆ ಬಂದು ಅಂದ: "ಆಯಿತಪ್ಪ, ಎಲ್ಲರಿಗೂ ಮಾತಾಡಬೇಕು ತಾನೆ? ಯಾರೂ ಯಾರ ಬಾಗಿಲಿಗೂ ಬರೋದು ಬೇಡ. ಅವರವರ ಮನೆಯಲ್ಲೇ ಕೂತು ಮಾತಾಡಿ."

ಅಟ್ಟದಿಂದ ಜಮಖಾನ ಇಳಿಸಿದರು. ಕತ್ತರಿ ತಂದರು. ಮನೆಗೊಂದು ತುಂಡು ಕೊಟ್ಟರು. ಪ್ರತಿ ಮನೆಯ ಗೋಡೆಗೂ ಒಂದು ಕಿಂಡಿ ಕೊರೆದರು. ಆ ಕಿಂಡಿಗಳು ಅದು ಹೇಗೋ ಒಂದಕ್ಕೊಂದು ಸೇರಿದ್ದವು. ಒಂದು ಮನೆಯ ಕಿಂಡಿಯಲ್ಲಿ ಆಡಿದ್ದು ಊರಿನ ಎಲ್ಲಾ ಮನೆಗೂ ಹೋಗುತ್ತಿತ್ತು. ಜನಕ್ಕೆ ಖುಷಿಯೋ ಖುಷಿ. ಕಟ್ಟೆಯ ಕೆಳಗೆ ನಿಂತಿದ್ದವರು, ಕಿಟಕಿಯಲ್ಲಿ ಇಣುಕಿದ್ದವರು, ಎಲ್ಲರಿಗೂ ಈಗ ಒಂದೊಂದು ಕಿಂಡಿ. ಹತ್ತಿ ಬಿಡಿಸುವವಳ ಮೊಮ್ಮಗಳು ಮೊದಲ ದಿನ ಕಿಂಡಿಯಲ್ಲಿ ತನ್ನ ಹೆಸರನ್ನಷ್ಟೇ ಹೇಳಿ ಅತ್ತುಬಿಟ್ಟಳಂತೆ. ಅವಳ ಮನೆಯವರ ಹೆಸರು ಊರಿಗೆ ಕೇಳಿಸಿ ಅಷ್ಟು ಕಾಲವಾಗಿತ್ತು.

ಆದರೆ ಆ ಕಿಂಡಿ ಸಣ್ಣದು. ಬಾಯಿ ಇಟ್ಟರೆ ಕಿವಿ ಇಡಲು ಆಗದು, ಕಿವಿ ಇಟ್ಟರೆ ಬಾಯಿ ಇಡಲು ಆಗದು. ಒಂದು ವಾರ ಬಾಯಿಗೂ ಕಿವಿಗೂ ಸರದಿ ನಡೆಯಿತು. ಆಮೇಲೆ ಬರೀ ಬಾಯಿ. ಬೆಳಿಗ್ಗೆ ಎದ್ದು ಮುಖ ತೊಳೆದು, ಜಮಖಾನದ ತುಂಡಿನ ಮೇಲೆ ಕೂತು, ಕಿಂಡಿಗೆ ಬಾಯಿಡುವುದು. ಒಲೆ ಮೇಲೆ ಅನ್ನ ಬೇಯುವಾಗಲೂ ಕಿಂಡಿಗೆ ಬಾಯಿಡುವುದು. ಒಂದು ಸಾಲದೆ ಮನೆಮನೆಯಲ್ಲೂ ಇನ್ನೊಂದು ಕೊರೆದರು, ಗಂಡನಿಗೆ ಪಡಸಾಲೆಯ ಕಿಂಡಿ, ಹೆಂಡತಿಗೆ ಒಳಮನೆಯ ಕಿಂಡಿ. ಊರಿನ ಬಾಯಿಯೆಲ್ಲ ಗೋಡೆಗೆ ಅಂಟಿಕೊಂಡಿತು. ಬಯಲಿನಲ್ಲಿ ಹುಲ್ಲು ಬೆಳೆಯಿತು.

ಹರಳು ಬಿದ್ದವು ನೋಡಿ ಆಗ. ಹಿಂದೆ ತಿಂಗಳಿಗೊಂದು ಬೀಳುತ್ತಿದ್ದದ್ದು ಈಗ ಗಳಿಗೆಗೆ ಹತ್ತು. ಅಕ್ಕಿಯಲ್ಲಿ ಹರಳು, ಚಪ್ಪಲಿಯಲ್ಲಿ ಹರಳು, ಕೂಸಿನ ತೊಟ್ಟಿಲಲ್ಲಿ ಹರಳು. ಹೊಸಿಲು ಗುಡಿಸಿ ಗುಡಿಸಿ ಹೆಂಗಸರ ಸೊಂಟ ಬಿತ್ತು. ಬೀದಿಯಲ್ಲಿ ಮೊಣಕಾಲುದ್ದ ರಾಶಿ. ನಡೆದರೆ ಜಾರುತ್ತಿತ್ತು.

ಆಗ ಯಜಮಾನನಿಗೆ ಒಂದು ಯೋಚನೆ ಬಂತು. ಏರಿಗೆ ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಮಣ್ಣು ಹಾಕುವ ಪದ್ಧತಿ ಜಮಖಾನದ ಜೊತೆಗೇ ನಿಂತುಹೋಗಿತ್ತು, ಏರಿ ಸವೆದಿತ್ತು. "ಊರಲ್ಲಿ ಕಲ್ಲು ಹೆಚ್ಚಾಗಿದೆ, ಏರಿಯಲ್ಲಿ ಕಡಿಮೆಯಾಗಿದೆ," ಅಂದ. "ತೆಗೆದು ಅಲ್ಲಿ ಸುರಿಯಿರಿ." ಗಾಡಿ ಕಟ್ಟಿ ಹರಳನ್ನೆಲ್ಲ ಏರಿಗೆ ಸುರಿದರು. ಏರಿ ಊರೊಳಗಿನದೇ ಆದ್ದರಿಂದ ಹರಳು ಅಲ್ಲೇ ನಿಂತವು. ವರ್ಷ ವರ್ಷ ಸುರಿದರು. ಏರಿ ಎರಡಾಳು ಎತ್ತರವಾಯಿತು. ಬಿಸಿಲಿಗೆ ಮಿರಿಮಿರಿ ಹೊಳೆಯಿತು. ಯಾವ ಊರಿಗಿದೆ ಇಂಥ ಏರಿ ಅಂತ ಊರವರೆಲ್ಲ ಕಿಂಡಿಯಲ್ಲಿ ಹೇಳಿಕೊಂಡರು. ಆ ಮಾತೂ ಹರಳಾಗಿ ಬಿತ್ತು, ಅದನ್ನೂ ಸುರಿದರು.

ನೀರುಗಂಟಿ ಒಬ್ಬಳು ಏರಿಯ ಮೇಲೆ ಬರಿಗಾಲಲ್ಲಿ ನಡೆದಳು. ಅವಳ ಕಾಲಿಗೆ ಹೆದರಿಕೆಯಾಯಿತು. ಮಣ್ಣು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಈ ಹರಳು ಒಂದನ್ನೊಂದು ಹಿಡಿಯುತ್ತಿರಲಿಲ್ಲ. ಪಕ್ಕಪಕ್ಕದಲ್ಲೇ ಬಿದ್ದಿದ್ದರೂ ಒಂದೊಂದೂ ಒಂಟಿ. ಅವಳು ಯಜಮಾನನ ಮನೆಗೆ ಹೋದಳು. ಯಜಮಾನ ಗೋಡೆಗೆ ಬಾಯಿಟ್ಟು ಕೂತಿದ್ದ. ಅವನ ಬೆನ್ನಿಗೇ ಹೇಳಿದಳು.

"ಯಜಮಾನರೇ, ಅದು ಕಲ್ಲಲ್ಲ."

ಬೆನ್ನು ತಿರುಗಲಿಲ್ಲ. ಅವಳ ಕಾಲ ಬಳಿ ಟಣ್ ಅಂತ ಒಂದು ಹರಳು ಬಿತ್ತು. ತನ್ನದೇ ಮಾತು. ನೀರುಗಂಟಿ ಅದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅವಳ ಮಗಳು ಬಾಣಂತಿ. ಹೆಣ್ಣು ಕೂಸು, ಹುಟ್ಟಿ ಹದಿನೈದು ದಿನ. ತೂಬಿನ ಪಕ್ಕದ ಮನೆ ಅಂದೆನಲ್ಲ, ತೊಟ್ಟಿಲು ತೂಗುಹಾಕಿದ್ದ ತೊಲೆಗೂ ಏರಿಗೂ ನಡುವೆ ಒಂದು ಗೋಡೆ ಮಾತ್ರ. ಏರಿ ಹೋದರೆ ಮೊದಲು ಹೋಗುವುದು ಆ ತೊಟ್ಟಿಲು.

ಒಂದು ಮಧ್ಯಾಹ್ನ ಬಾಣಂತಿ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂಸಿಗೆ ಹಾಲು ಕೊಡುತ್ತಿದ್ದಳು. ಕೂಸು ಬಾಯಲ್ಲಿ ಹಾಲಿಟ್ಟುಕೊಂಡೇ ನಿದ್ದೆ ಹೋಯಿತು. ಅಲ್ಲಾಡಿದರೆ ಏಳುತ್ತದೆ ಅಂತ ಅವಳು ಉಸಿರು ಬಿಗಿಹಿಡಿದು ಕೂತಳು. ಕೈಗೆ ಸಿಕ್ಕಿದ್ದು ಏರಿಯ ಬುಡದ ಒಂದು ಹರಳು. ಸುಮ್ಮನೆ ಅದನ್ನು ಹಿಡಿದುಕೊಂಡಳು. ಕೈ ಬೆಚ್ಚಗಾಯಿತು. ಯಾರೋ ಮಾತಾಡಿದಂತಾಯಿತು. "ನಾನೂ ಇಲ್ಲೇ ಇದ್ದೀನಲ್ಲ," ಅಂತ ಯಾರೋ ಗಂಡಸಿನ ದನಿ. ಹರಳು ಕರಗಿತು. ಅದು ಇದ್ದ ಜಾಗದಿಂದ ದಾರದಷ್ಟು ಸಣ್ಣಗೆ ನೀರು ಹರಿದು ಅವಳ ಪಾದ ಮುಟ್ಟಿತು.

"ಅವ್ವಾ," ಅಂತ ಕರೆದಳು, ಮೆಲ್ಲಗೆ.

ನೀರುಗಂಟಿ ಬಂದು ನೋಡಿದಳು. ಒಂದು ಮುಷ್ಟಿ ಜೇಡಿಮಣ್ಣು ಮೆತ್ತಿ ದಾರ ನಿಲ್ಲಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮತ್ತೆ ಹೊರಟಳು. ಈ ಸಲ ಬೆನ್ನಿಗೆ ಹೇಳಲಿಲ್ಲ. ಯಜಮಾನನ ಭುಜ ಹಿಡಿದು ಕಿಂಡಿಯಿಂದ ಎಳೆದಳು.

"ಏನಮ್ಮಾ ಇದು, ಹೆಣ್ಣುಮಗಳು ಹೀಗಾ ಮಾಡೋದು?"

"ಒಂದು ಹರಳು ಕರಗಿದರೆ ಒಂದು ದಾರ ನೀರು ಬರ್ತದೆ ಯಜಮಾನರೇ. ಊರಲ್ಲಿ ಎಷ್ಟು ಮಾತು ಕೇಳಿಸಿಕೊಳ್ಳದೆ ಬಿಟ್ಟಿದ್ದೀರೋ ಅಷ್ಟೂ ದಾರ ಏರಿಯಲ್ಲಿದೆ. ಹರಳು ತೆಗೆದು ಮಣ್ಣು ತುಂಬಬೇಕು. ಮುಂಗಾರು ಇಳಿಯೋಕೆ ಮೊದಲು."

ಯಜಮಾನ ಯೋಚನೆ ಮಾಡಿದ. ಅರ್ಧ ಕೇಳಿಸಿಕೊಂಡವರು ಯಾವ ಅರ್ಧ ಕೇಳಿಸಿಕೊಳ್ಳುತ್ತಾರೆ ಅಂತ ನಿಮಗೆ ಗೊತ್ತಲ್ಲ.

"ಅಂದರೆ, ಯಾರಾದರೂ ಕೇಳಿಸಿಕೊಂಡರೆ ಏರಿ ಒಡೀತದೆ."

"ಹೌದು, ಆದರೆ..."

"ಹಾಗಾದರೆ ಕೇಳಿಸಿಕೊಳ್ಳಬಾರದು. ಇಷ್ಟೇ ತಾನೆ? ಇಷ್ಟಕ್ಕೆ ಭುಜ ಹಿಡಿದು ಎಳೀಬೇಕಾ?"

ಅವತ್ತೇ ಅಪ್ಪಣೆ ಆಯಿತು. ಏರಿಯ ಹತ್ತಿರ ಯಾರೂ ಬಾಯಿ ಮುಚ್ಚಿ ಕೂರಬಾರದು. ಕೂತರೆ ದಂಡ. ಸುಮ್ಮನಿರುವುದೇ ತಪ್ಪು ಅಂತ ಯಾವ ಊರಲ್ಲಾದರೂ ಕೇಳಿದ್ದೀರಾ? ಆ ಊರಲ್ಲಿ ಆಯಿತು. ಅಪ್ಪಿತಪ್ಪಿಯೂ ಯಾರಿಗೂ ಏನೂ ಕೇಳಿಸಬಾರದು ಅಂತ ಏರಿಯ ಮೇಲೆ ತಮಟೆಯವನನ್ನು ಕೂರಿಸಿದ. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಅವನು ಬಡಿಯಬೇಕು.

ಎಂಟು ದಿನ ಬಡಿದ. ಕೂಸು ನಿದ್ದೆ ಬಿಟ್ಟಿತು. ನಿದ್ದೆ ಬಿಟ್ಟ ಕೂಸು ಹಾಲು ಬಿಟ್ಟಿತು. ಬಾಣಂತಿ ಅದರ ಕಿವಿ ಮುಚ್ಚಿ ಕೂತಳು, ಅವಳ ಕಿವಿ ಮುಚ್ಚುವವರಿಲ್ಲ.

"ಈ ಮನೆ ಬಿಟ್ಟು ಹೋಗೋಣ ನಡಿ ಅವ್ವಾ," ಅಂದಳು.

"ನಾವು ಹೋಗಬಹುದು ಮಗಾ. ತೂಬು ಎಲ್ಲಿಗೆ ಹೋಗ್ತದೆ? ನಮ್ಮ ಕೆಳಗೆ ಅರ್ಧ ಊರಿದೆ. ಅವರ ಮನೆಯಲ್ಲೂ ತೊಟ್ಟಿಲಿದೆ."

ಒಂಬತ್ತನೇ ದಿನ ಮಳೆ ಹಿಡಿಯಿತು. ಸಣ್ಣ ಮಳೆ, ಬಿಡದ ಮಳೆ. ಕೆರೆ ಮೇಲಕ್ಕೆ ಬಂತು. ನೀರುಗಂಟಿ ಒಂದು ಬುಟ್ಟಿ ಜೇಡಿಮಣ್ಣು ಕಲಸಿ, ತನ್ನ ಮನೆಯ ಕೆಸರುಬಣ್ಣದ ಜಮಖಾನದ ತುಂಡನ್ನು ಸಿಂಬೆ ಸುತ್ತಿ ತಲೆಗಿಟ್ಟು, ಬುಟ್ಟಿ ಹೊತ್ತು ಏರಿ ಹತ್ತಿದಳು. ತಮಟೆಯವನು ಕೂತಿದ್ದ. ಬಡಿಯುತ್ತಿರಲಿಲ್ಲ.

"ಯಾಕಪ್ಪ ನಿಲ್ಲಿಸಿದೆ?"

"ಚರ್ಮ ನೆನೆದು ಸೋತುಹೋಯಿತು ಕಣವ್ವ. ಕಾಯಿಸೋಣ ಅಂದರೆ ಬೆಂಕಿ ಹತ್ತುತ್ತಿಲ್ಲ. ಬಡಿದರೆ ಒದ್ದೆ ಬಟ್ಟೆ ಒಗೆದ ಹಾಗೆ ಆಗ್ತದೆ." ಅವನು ಅವಳ ಬುಟ್ಟಿ ನೋಡಿದ. "ಇಲ್ಲಿ ಕೂರಬೇಡ. ಯಜಮಾನರು ಕಂಡರೆ ನನ್ನ ಕೈ ಮುರೀತಾರೆ."

"ಮುರಿದರೆ ಒಳ್ಳೇದೇ. ನನ್ನ ಮೊಮ್ಮಗಳು ನಿದ್ದೆ ಮಾಡ್ತಾಳೆ."

ಅವನು ತಲೆ ತಗ್ಗಿಸಿದ. ಅವಳು ಕೂತಳು. ಒಂದು ಹರಳು ಕಿತ್ತಳು, ಮುಷ್ಟಿ ಕಟ್ಟಿದಳು, ಬಾಯಿ ಮುಚ್ಚಿದಳು. ಕೈ ಬೆಚ್ಚಗಾಯಿತು. ಕೇಳಿಸಿತು. ಕರಗಿತು. ಆ ತೂತಿಗೆ ಒಂದು ಉಂಡೆ ಮಣ್ಣು ಮೆತ್ತಿದಳು. ಇನ್ನೊಂದು ಕಿತ್ತಳು. ಮುಷ್ಟಿ, ಬಾಯಿ, ಬೆಚ್ಚಗೆ, ಮಣ್ಣು. ಇನ್ನೊಂದು.

"ಹೀಗೆ ಒಬ್ಬಳೇ ಮಾಡಿದರೆ ಎಷ್ಟು ಜನ್ಮ ಬೇಕು?" ಅಂದ ತಮಟೆಯವನು.

"ಇಬ್ಬರು ಮಾಡಿದರೆ ಅದರ ಅರ್ಧ."

ಅವನಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಒಂದು ಹರಳು ತೆಗೆದುಕೊಂಡ. ಬಡಿದು ಬಡಿದು ಕಾಯಿಬಿದ್ದ ಕೈ, ಬೆಚ್ಚಗಾಗಲು ತಡವಾಯಿತು. ಕೇಳಿಸಿದ ಮೇಲೆ ಅವನು ತೊಡೆಯ ಮೇಲಿದ್ದ ತಮಟೆಯನ್ನು ಪಕ್ಕಕ್ಕಿಟ್ಟ.

"ಯಾರದು?" ಅಂದಳು ನೀರುಗಂಟಿ.

"ನನ್ನ ಮಗಳದು. 'ಅಪ್ಪಾ, ತಮಟೆ ನನಗೂ ಕಲಿಸು' ಅಂತಿದಾಳೆ. ಈಗ ಅವಳಿಗೇ ಇಬ್ಬರು ಮಕ್ಕಳು."

"ಮಣ್ಣು ಮೆತ್ತು ಮೊದಲು. ನೀರು ಬರ್ತಿದೆ."

ಮೆತ್ತಿದ. ಎದ್ದ. "ಊರಿಗೆ ಹೇಳಿ ಬರ್ತೀನಿ," ಅಂದ.

"ಕಿಂಡಿಯಲ್ಲಿ ಹೇಳಬೇಡ. ಹೋಗಿ ಭುಜ ಮುಟ್ಟು."

ತಮಟೆಯವನು ಮನೆಮನೆಗೆ ಹೋದ. ಗೋಡೆಗೆ ಬಾಯಿಟ್ಟು ಕೂತವರ ಭುಜ ಮುಟ್ಟಿದ. ಕೆಲವರು ಕೈ ಕೊಡವಿದರು. ಕೆಲವರು ತಿರುಗಿ, ತಮ್ಮ ಮನೆಯೊಳಗೆ ಇನ್ನೊಂದು ಮುಖ ಕಂಡು ಬೆಚ್ಚಿದರು. ಎಷ್ಟೋ ಕಾಲವಾಗಿತ್ತಲ್ಲ. ಒಬ್ಬೊಬ್ಬರೇ ಬಂದರು. ಬುಟ್ಟಿ ತಂದರು. ತಲೆಗೆ ಸಿಂಬೆ ಬೇಕಲ್ಲ, ಕೂತಿದ್ದ ಜಮಖಾನದ ತುಂಡನ್ನೇ ಎತ್ತಿ ಸುತ್ತಿಕೊಂಡು ಬಂದರು. ಹಳದಿ ಸಿಂಬೆ, ಕಪ್ಪು ಸಿಂಬೆ, ನೀಲಿ ಸಿಂಬೆ. ಮಳೆಯಲ್ಲಿ ಏರಿಯ ಉದ್ದಕ್ಕೂ ಕೂತರು. ಮುಷ್ಟಿ, ಬಾಯಿ, ಬೆಚ್ಚಗೆ, ಮಣ್ಣು. ಒಬ್ಬಳು ಮುಷ್ಟಿ ಹಿಡಿದು ನಕ್ಕಳು. ಒಬ್ಬ ಮುಷ್ಟಿ ಹಿಡಿದು ತನ್ನ ಎದೆಗೇ ಗುದ್ದಿಕೊಂಡ. ಕಾಲವಾಗಿ ಹೋದವರ ದನಿ, ಊರು ಬಿಟ್ಟವರ ದನಿ, ಪಕ್ಕದಲ್ಲೇ ಕೂತು ಮಣ್ಣು ಕಲಸುತ್ತಿರುವವರ ದನಿ.

ಎರಡನೇ ದಿನ ಯಜಮಾನ ಬಂದ. ನಾಲ್ಕೈದು ಜನ ಇರಬಹುದು ಅಂದುಕೊಂಡು ಬಂದವನು ಅರ್ಧ ಊರು ನೋಡಿ ನಿಂತ.

"ಏನು ಮಾಡ್ತಿದ್ದೀರಿ? ಅಷ್ಟು ವರ್ಷ ಕಟ್ಟಿದ್ದನ್ನು ನಿಮ್ಮ ಕೈಯಾರೆ ಕೀಳ್ತಿದ್ದೀರಲ್ಲ." ಎಲ್ಲರ ಬಾಯಿಯೂ ಮುಚ್ಚಿತ್ತು. ಅವನು ನೀರುಗಂಟಿಯ ಮುಂದೆ ಬಂದ. "ಎಲ್ಲ ನಿನ್ನದೇ. ನಿನ್ನ ಮನೆ ಉಳಿಸಿಕೊಳ್ಳೋಕೆ ಊರನ್ನು ಮುಳುಗಿಸ್ತಿದ್ದೀಯ."

ಆಗಷ್ಟೇ ಕಿತ್ತ ಹರಳು ಅವಳ ಕೈಯಲ್ಲಿತ್ತು. ಅದನ್ನು ಅವನ ಅಂಗೈಗೆ ಇಟ್ಟು, ಅವನ ಬೆರಳನ್ನು ತಾನೇ ಮಡಚಿದಳು. ಅದು ಯಾರದು ಅಂತ ಅವಳಿಗೂ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಯಜಮಾನ ಬಾಯಿ ತೆಗೆದ. ಸುತ್ತ ಅರ್ಧ ಊರು ಬಾಯಿ ಮುಚ್ಚಿ ಕೂತಿರುವಾಗ ಒಬ್ಬನೇ ಬಾಯಿ ತೆರೆದು ನಿಲ್ಲುವುದು ಕಷ್ಟ. ಮುಚ್ಚಿದ. ಮಳೆ ಹನಿಯಿತು. ಅವನ ಕೈ ಬೆಚ್ಚಗಾಯಿತು.

"ಹಿತ್ತಲ ಬಾವಿಯ ಮೂರನೇ ಮೆಟ್ಟಿಲು ಅಲ್ಲಾಡ್ತಿದೆ ಕಣ್ರೀ. ಯಾರಿಗಾದರೂ ಹೇಳಿ ಸರಿ ಮಾಡಿಸಿ."

ಅವನ ಹೆಂಡತಿಯ ದನಿ. ಅವಳು ಏನನ್ನೂ ಎರಡು ಸಲ ಹೇಳುವವಳಲ್ಲ. ಒಂದು ಸಲ ಹೇಳಿದ್ದಳು, ಅವನು ಚಾವಡಿಗೆ ಹೊರಡುವ ಆತುರದಲ್ಲಿದ್ದ.

ಯಜಮಾನ ಕೂತುಬಿಟ್ಟ. ಕೆಸರಲ್ಲೇ. ಹರಳು ಕರಗಿ ಬೆರಳ ಸಂದಿನಿಂದ ಇಳಿಯಿತು. ಅದು ಇದ್ದ ತೂತಿನಿಂದ ನೀರು ಹರಿಯುತ್ತಿತ್ತು. ನೀರುಗಂಟಿ ಒಂದು ಉಂಡೆ ಮಣ್ಣು ಮಾಡಿ ಅವನ ಕೈಗೆ ಕೊಟ್ಟಳು. ಅವನು ತಾನೇ ಬಗ್ಗಿ ಮೆತ್ತಿದ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದ. ಆಮೇಲೆ ಅವನು ಹೇಳಿದ ಮೊದಲ ಮಾತು ಇದು:

"ಬಾಣಂತಿಯನ್ನೂ ಕೂಸನ್ನೂ ಚಾವಡಿಗೆ ಕರಕೊಂಡು ಹೋಗಿ. ಕೆಳಗಿನ ಮನೆಗಳ ಮಕ್ಕಳನ್ನೂ. ಬೆಂಚು ತೆಗೆದು ಆಚೆ ಹಾಕಿ. ಬಾಗಿಲು ಅಡ್ಡ ಬಂದರೆ ಅದನ್ನೂ ಕಿತ್ತುಹಾಕಿ."

ಆ ಮಾತು ಹರಳಾಗಲಿಲ್ಲ. ನಾಲ್ಕು ಜನ ಆಗಲೇ ಎದ್ದು ಓಡಿದ್ದರು.

ಮೂರನೇ ದಿನ ಏರಿಯ ಮೂಡಣ ತುದಿ ಆಳೆತ್ತರ ಕುಸಿಯಿತು. ಅಲ್ಲಿಗೆ ಇನ್ನೂ ಯಾರ ಕೈಯೂ ತಲುಪಿರಲಿಲ್ಲ. ನುಗ್ಗಿದ ನೀರಿಗೆ ನೀರುಗಂಟಿಯ ಮನೆಯ ಹಿಂದಿನ ಗೋಡೆ ಹೋಯಿತು, ತೊಟ್ಟಿಲು ಕಟ್ಟಿದ್ದ ತೊಲೆ ಹೋಯಿತು, ಅವಳ ತಾಯಿ ಕೊಟ್ಟಿದ್ದ ತಾಮ್ರದ ಹಂಡೆ ಹೋಯಿತು. ತೊಟ್ಟಿಲು ಚಾವಡಿಯಲ್ಲಿತ್ತು. ಅದರೊಳಗೆ ಕೂಸು ನಿದ್ದೆ ಮಾಡುತ್ತಿತ್ತು. ಮಿಕ್ಕ ಏರಿ ನಿಂತಿತು. ಮಣ್ಣು ಮಣ್ಣನ್ನು ಹಿಡಿದುಕೊಂಡಿತ್ತು. ಕುಸಿದ ಕಡೆ ಊರೆಲ್ಲ ಸಾಲಾಗಿ ನಿಂತು ಬುಟ್ಟಿಯಿಂದ ಬುಟ್ಟಿಗೆ ಮಣ್ಣು ದಾಟಿಸಿದರು.

ನಾಲ್ಕನೇ ದಿನ ಮಳೆ ಬಿಟ್ಟು ಬಿಸಿಲು ಬಂತು. ಅರ್ಧ ಏರಿ ಮಣ್ಣು, ಅರ್ಧ ಏರಿ ಇನ್ನೂ ಹರಳು. ಅದನ್ನು ಮುಗಿಸಲು ಎಷ್ಟು ವರ್ಷ ಬೇಕು ಅಂತ ಯಾರೂ ಕೇಳಲಿಲ್ಲ. ಹಸಿವಾಗಿತ್ತು. ಒಬ್ಬಳು ಮುದ್ದೆ ತಂದಳು, ಒಬ್ಬಳು ಸಾರು ತಂದಳು. ನೆಲ ಒದ್ದೆ. ತಲೆಯ ಸಿಂಬೆ ಬಿಚ್ಚಿ ಹಾಸಿಕೊಂಡು ಕೂತರು. ಏರಿಯ ಮೇಲೆ ಜಾಗ ಕಡಿಮೆ, ಒತ್ತಿಕೊಂಡೇ ಕೂರಬೇಕು. ಹಳದಿ ತುಂಡಿನ ಪಕ್ಕ ಕಪ್ಪು, ಕಪ್ಪಿನ ಪಕ್ಕ ಕೆಸರುಬಣ್ಣ. ಅಂಚಿಗೆ ಅಂಚು ತಾಗಿತು. ಯಾರೂ ಬೇಕು ಅಂತ ಮಾಡಿದ್ದಲ್ಲ.

ಯಜಮಾನ ಕೈಯಲ್ಲಿ ಮುದ್ದೆ ಹಿಡಿದು ನೀರುಗಂಟಿಯ ಕಡೆ ನೋಡಿದ.

"ನಿನ್ನ ಸೆರಗಿನಲ್ಲಿ ಒಂದು ಗಂಟಿದೆಯಲ್ಲಮ್ಮ. ಅದು ಯಾರ ಮಾತು?"

"ಹಳೇದು ಯಜಮಾನರೇ. ಈಗ ಅದರ ಕೆಲಸ ಮುಗೀತು."

"ಕೊಡು."

ಅವಳು ಗಂಟು ಬಿಚ್ಚಿ ಕೊಟ್ಟಳು. ಅವನು ಮುದ್ದೆಯನ್ನು ಎಲೆಗಿಟ್ಟು, ಕೈ ಒರೆಸಿ, ಮುಷ್ಟಿ ಕಟ್ಟಿದ. ಅದರಲ್ಲಿ ಇದ್ದದ್ದು ಮೂರೇ ಪದ, ನಿಮಗೆ ಗೊತ್ತು. ಆ ಮೂರು ಪದಕ್ಕೆ ಅವನು ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಕೂತ, ಅವನ ಸಾರು ಆರಿಹೋಯಿತು. ಕೈ ತೆರೆದಾಗ ಅಂಗೈ ಒದ್ದೆಯಾಗಿತ್ತು, ಅಷ್ಟೇ.

"ಕೇಳಿಸಿತು," ಅಂದ.

ಊಟ ಮುಗಿಯಿತು. ಮತ್ತೆ ಬುಟ್ಟಿ ಹೊರಬೇಕು, ಸಿಂಬೆ ಸುತ್ತಬೇಕು. ಊರೆಲ್ಲ ಎದ್ದಿತು. ಏಳುವಾಗ ಯಾರೂ ಹೇಳಿಕೊಡದೆಯೇ ಪ್ರತಿಯೊಬ್ಬರೂ ತಮ್ಮ ತಮ್ಮ ತುಂಡನ್ನು ಎತ್ತಿ, ಮೊದಲು ಅದರ ಕೆಳಗೆ ನೋಡಿದರು.

ಕಥೆ ಇಲ್ಲಿಗೆ ಬಂದು ನಿಂತಿದೆ. ನೀವೂ ಏಳಿ, ಕಾಲು ಜೋಮು ಹಿಡಿದಿರಬೇಕು. ಆದರೆ ನಾನು ಹೇಳುವಾಗ ನಡುವೆ ನಿಮ್ಮಲ್ಲಿ ಯಾರೋ ಏನೋ ಕೇಳಿದಿರಿ, ನಾನು ಕಥೆಯ ಭರದಲ್ಲಿ ಹಾಗೇ ಮುಂದೆ ಹೋದೆ. ಚಾಪೆ ಸುತ್ತಬೇಡಿ ಇನ್ನೂ. ಎತ್ತಿ ನೋಡಿ.